ಎನ್719 ಬಿಟ್ಟು ಬೇರೆ ಲೋಹದ ಡೈಗೆ ಹೋಗಬೇಕೇ? ಡೈ ಸೋಲಾರ್ ಕೋಶ ಕಟ್ಟುವವರಿಗೆ ಒಂದು ಪ್ರಶ್ನೆ (ವೇದಿಕೆಯ ಚರ್ಚೆ; ಪ್ರತಿ ಬರಹದ ಮೇಲೆ ಬರೆದವರ ಅಡ್ಡಹೆಸರು)

ತೆಳುಪದರ

ಎನ್719 ಎಂಬ ರುಥೇನಿಯಂ ಡೈ ಹಾಕಿ ಸೋಲಾರ್ ಕೋಶ ಕಟ್ಟಿದ್ದೇನೆ. ಇದರಲ್ಲಿ ಡೈ ಬೆಳಕು ಹೀರಿ ಟೈಟಾನಿಯಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಎಲೆಕ್ಟ್ರೊಲೈಟ್ ಅದನ್ನು ಡೈಗೆ ಮರಳಿಸುತ್ತದೆ. ಕೋಶದ ಅಳತೆ 0.25 ಚದರ ಸೆಂ.ಮೀ. ಎಫ್‌ಟಿಒ (ವಿದ್ಯುತ್ ಹರಿಸುವ ಲೇಪನದ) ಗಾಜಿನ ಮೇಲೆ 20 ನ್ಯಾನೊಮೀಟರ್ ಕಣಗಳ ಟೈಟಾನಿಯ (ಟೈಟಾನಿಯಂ ಡೈಆಕ್ಸೈಡ್), ದಪ್ಪ ಸುಮಾರು 8 ಮೈಕ್ರಾನ್. ನೇರವಾಗಿ 450 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಸುಟ್ಟದ್ದು. ರಾತ್ರಿ ಪೆಟ್ರಿ ಡಿಶ್‌ನಲ್ಲಿ ಇಟ್ಟು, ಮರುದಿನ ಎಥನಾಲಿನಲ್ಲಿ ಕರಗಿಸಿದ 0.3 ಮಿಲಿಮೋಲಾರ್ ಎನ್719ರಲ್ಲಿ 6 ಗಂಟೆ ಅದ್ದಿದ್ದು. ಅಯೋಡೈಡ್ ಎಲೆಕ್ಟ್ರೊಲೈಟ್, ಎದುರು ಬದಿಗೆ ಪ್ಲಾಟಿನಂ.

ಬಂದ ಅಂಕಿ: ಕರೆಂಟ್ 9 ಮಿಲಿಆಂಪ್ ಪ್ರತಿ ಚದರ ಸೆಂ.ಮೀ.ಗೆ, ವೋಲ್ಟೇಜ್ 0.68, ಫಿಲ್ ಫ್ಯಾಕ್ಟರ್ (ಕರೆಂಟ್, ವೋಲ್ಟೇಜ್ ಗುಣಲಬ್ಧದಲ್ಲಿ ನಿಜಕ್ಕೂ ಕೈಗೆ ಸಿಗುವ ಪಾಲು) 0.62. ಅಂದರೆ ದಕ್ಷತೆ ಶೇ. 3.8.

ಎರಡು ಪ್ರಶ್ನೆ. ಒಂದು, ಡೈ ಬದಲಿಸಿದರೆ ಇದು ಏರುತ್ತದೆಯೇ? ಝಡ್907, ಬ್ಲ್ಯಾಕ್ ಡೈ (ಇವೆರಡೂ ರುಥೇನಿಯಂ ಡೈಗಳೇ), ಸತುವಿನ ಪಾರ್ಫಿರಿನ್ (ಸತು ನಡುವೆ ಕೂತ ಚಪ್ಪಟೆ ಉಂಗುರದ ಅಣು), ಇವುಗಳಲ್ಲಿ ಯಾವುದು? ಎರಡು, ರುಥೇನಿಯಂ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಕಬ್ಬಿಣ ಅಥವಾ ತಾಮ್ರದ ಡೈಗೆ ಈಗಲೇ ಹೋಗುವುದು ಜಾಣತನವೇ?

ಲಿಗಾಂಡ್_ಲೆಕ್ಕ

ಡೈ ಬದಲಿಸಬೇಡಿ. ಎನ್719ರಿಂದ 2005ರಲ್ಲೇ ಲೌಸಾನ್‌ನ ಗ್ರೆಟ್ಜೆಲ್ ಗುಂಪು (ಈ ಬಗೆಯ ಕೋಶ ರೂಪಿಸಿದವರು) ಶೇ. 11.18 ತೆಗೆದಿದೆ: ಕರೆಂಟ್ 17.7, ವೋಲ್ಟೇಜ್ 0.846, ಫಿಲ್ ಫ್ಯಾಕ್ಟರ್ 0.745. ನಿಮ್ಮ 9 ಮಿಲಿಆಂಪ್ ಆ ಅಣುವಿನ ಮಿತಿಯಲ್ಲ. ಅದನ್ನು ಪದರಕ್ಕೆ ಹತ್ತಿಸಿದ ರೀತಿಯಲ್ಲಿ ಕೊರತೆ ಇದೆ.

ಮೊದಲು ದ್ರಾವಕ. ಎಥನಾಲಿನಲ್ಲೂ ಕೆಲಸ ನಡೆಯುತ್ತದೆ, ಆದರೆ ಅಸಿಟೊನೈಟ್ರೈಲ್ ಮತ್ತು ಟರ್ಶಿಯರಿ ಬ್ಯುಟನಾಲ್ ಸಮಪ್ರಮಾಣದ ಮಿಶ್ರಣ ಎನ್719ಕ್ಕೆ ಹೆಚ್ಚು ಒಗ್ಗುತ್ತದೆ. 50 ಮಿ.ಲೀ.ಗೆ 0.3 ಮಿಲಿಮೋಲಾರ್ ಬೇಕಾದರೆ 17.8 ಮಿ.ಗ್ರಾಂ., 0.5 ಬೇಕಾದರೆ 29.7 ಮಿ.ಗ್ರಾಂ. ಅಣುತೂಕ 1188.55 ಇಟ್ಟುಕೊಂಡ ಲೆಕ್ಕ ಇದು. ಅದರ ಸೋದರ ಡೈ ಎನ್3ರ ಅಣುತೂಕ 705.6. ಶೀಶೆಯ ಮೇಲೆ ಯಾವುದೆಂದು ನೋಡದೆ ತೂಗಿದರೆ ಸಾಂದ್ರತೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ತಪ್ಪುತ್ತದೆ. ಈ ತಪ್ಪು ಅಪರೂಪವೇನಲ್ಲ.

ಆಮೇಲೆ ಹೊತ್ತು. 6 ಗಂಟೆಗೆ ಮೇಲ್ಪದರ ಕೆಂಪಾಗುತ್ತದೆ, ಒಳಗಿನ ರಂಧ್ರಗಳಿಗೆ ಬಣ್ಣ ಇನ್ನೂ ಇಳಿದಿರುವುದಿಲ್ಲ. ಕೋಣೆಯ ತಾಪದಲ್ಲಿ, ಕತ್ತಲಲ್ಲಿ, ಮುಚ್ಚಳ ಬಿಗಿದು 16ರಿಂದ 24 ಗಂಟೆ ಬಿಡಿ. ತೆಗೆದ ಮೇಲೆ ಅಸಿಟೊನೈಟ್ರೈಲ್‌ನಲ್ಲಿ ತೊಳೆಯಿರಿ. ಸುಮ್ಮನೆ ಮೇಲೆ ಕೂತ ಡೈ ಬೆಳಕು ಹೀರುತ್ತದೆಯೇ ಹೊರತು ಟೈಟಾನಿಯಕ್ಕೆ ಎಲೆಕ್ಟ್ರಾನ್ ಕೊಡುವುದಿಲ್ಲ. ಕಾರ್ಬಾಕ್ಸಿಲ್ ಗುಂಪು ಮೇಲ್ಮೈಗೆ ಕಚ್ಚಿಕೊಂಡ ಅಣುವಷ್ಟೇ ಲೆಕ್ಕಕ್ಕೆ.

ಡೈ ಒಂದನ್ನೇ ಹಿಡಿದು ಒಳ್ಳೆಯದು ಕೆಟ್ಟದ್ದು ಎನ್ನಲು ಬರುವುದಿಲ್ಲ. ಡೈ, ಎಲೆಕ್ಟ್ರೊಲೈಟ್, ಟೈಟಾನಿಯದ ಮೇಲ್ಮೈ ಮೂರೂ ಸೇರಿ ಒಂದು ಒಲೆಯ ಮೂರು ಗುಂಡು. ಒಂದನ್ನು ಸರಿಸಿದರೆ ಪಾತ್ರೆ ವಾಲುತ್ತದೆ.

ಕಡಲತಡಿ

ರಾತ್ರಿ ಪೆಟ್ರಿ ಡಿಶ್‌ನಲ್ಲಿ ಇಟ್ಟದ್ದೇ ದೊಡ್ಡ ತಪ್ಪು ಮಾರಾಯ್ರೇ! ಟೈಟಾನಿಯದ ರಂಧ್ರಗಳು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ. ಡೈ ಕೂರಬೇಕಾದ ಜಾಗದಲ್ಲಿ ನೀರು ಕೂತರೆ ಡೈಗೆ ಜಾಗ ಎಲ್ಲಿ ಉಂಟು? ಮಂಗಳೂರಿನ ಜೂನ್ ತಿಂಗಳಲ್ಲಿ ಅಂತೂ ಕೇಳುವುದೇ ಬೇಡ.

ಪದರವನ್ನು ಅದ್ದುವ ಮುಂಚೆ ಮತ್ತೆ 500 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿ. ಇಳಿಯುತ್ತಾ 80 ಡಿಗ್ರಿ ಆಸುಪಾಸಿಗೆ ಬಂದಾಗ, ಇನ್ನೂ ಬಿಸಿ ಇರುವಾಗಲೇ ಡೈಗೆ ಇಳಿಸಿ. 100ರ ಮೇಲೆ ಇದ್ದಾಗ ಇಳಿಸಿದರೆ ಅಸಿಟೊನೈಟ್ರೈಲ್ ಸುಯ್ಯೆಂದು ಕುದಿಯುತ್ತದೆ, ಅದರ ಕುದಿಬಿಂದು 82. ಗಾಜೂ ಸೀಳಬಹುದು. ಪೂರ್ತಿ ತಣ್ಣಗಾಗಲು ಬಿಟ್ಟರೆ ಕಾಯಿಸಿದ್ದು ದಂಡ.

ಇನ್ನೊಂದು. ಟರ್ಶಿಯರಿ ಬ್ಯುಟನಾಲ್ 25 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಬಾಟಲಿಯೊಳಗೆ ತೆಂಗಿನೆಣ್ಣೆಯ ಹಾಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಹಾಳಾಗಿದೆ ಎಂದು ಚೆಲ್ಲಬೇಡಿ, 35 ಡಿಗ್ರಿಯ ಬಿಸಿನೀರಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಅರ್ಧ ಕರಗಿದಾಗ ಸುರಿಯಬೇಡಿ, ಪೂರ್ತಿ ಕರಗಿ ಒಮ್ಮೆ ಅಲುಗಿಸಿದ ಮೇಲೆ ಅಳೆಯಿರಿ. ನೀರು ಸೇರಿದ ಬ್ಯುಟನಾಲ್ ಅಷ್ಟು ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಚಳಿಯಲ್ಲೂ ನೀರಿನಂತೆ ಹರಿಯುತ್ತಿದ್ದರೆ ಆ ಬಾಟಲಿಯ ಮೇಲೆ ಅನುಮಾನ ಪಡಿ.

ಕುಲುಮೆ

ಡೈ ಮ್ಯಾಲೆ ಯಾಕ ಸಿಟ್ಟು ಮಾಡ್ತೀರಿ, ಮೊದಲ ಪದರ ನೋಡ್ರಿ. ಒಮ್ಮೆಲೆ 450ಕ್ಕ ಏರಿಸಿದ್ರ ಪೇಸ್ಟಿನೊಳಗಿನ ಬೈಂಡರ್ (ಕಣ ಹಿಡಿದಿಡೋ ಅಂಟು) ಭಕ್ಕನ ಉರಿತೈತಿ, ಪದರ ಬಿರುಕು ಬಿಡತೈತಿ. ಇಲ್ಲಾ ಅಂದ್ರ ಇದ್ದಿಲು ಒಳಗ ಉಳಿತೈತಿ. ಮೆಟ್ಟಿಲ ಮೆಟ್ಟಿಲ ಏರಸ್ರಿ: 325ಕ್ಕ 5 ನಿಮಿಷ, 375ಕ್ಕ 5, 450ಕ್ಕ 15, 500ಕ್ಕ 15. ಗಾಳಿ ಆಡ್ತಿರಬೇಕು. ನಡುವ ಪದರ ಕಂದು ಆಗಿ ಆಮ್ಯಾಲೆ ಬೆಳ್ಳಗ ಆದ್ರ ಸರಿ ಐತಿ. ಕೊನಿಗೂ ಹಳದಿ ಛಾಯಾ ಉಳಿದ್ರ ಇನ್ನೂ ಇದ್ದಿಲು ಐತಿ ಅಂತ ತಿಳೀರಿ.

ಟೈಟಾನಿಯಂ ಟೆಟ್ರಾಕ್ಲೋರೈಡ್ ಉಪಚಾರ ಮಾಡೇ ಇಲ್ಲ ನೀವು. ಅದನ್ನ ಬಿಡಬ್ಯಾಡ್ರಿ. 2 ಮೋಲಾರ್ ದಾಸ್ತಾನು ದ್ರಾವಣ ಫ್ಯೂಮ್ ಹುಡ್ ಒಳಗ, ಬರ್ಫದ ಮ್ಯಾಲೆ ಹನಿ ಹನಿ ಹಾಕಿ ಮಾಡ್ಕೋಬೇಕು. ಬಾಯಿ ತೆರೆದ ಕೂಡಲೇ ಹೈಡ್ರೊಕ್ಲೋರಿಕ್ ಆಮ್ಲದ ಬಿಳಿ ಹೊಗಿ ಬರತೈತಿ, ಕನ್ನಡಕ ಮತ್ತ ಕೈಗವಸು ಬೇಕೇ ಬೇಕು. ಅದರೊಳಗ 1 ಮಿ.ಲೀ. ತಗೊಂಡು 49 ಮಿ.ಲೀ. ನೀರಿಗೆ ಹಾಕಿದ್ರ 40 ಮಿಲಿಮೋಲಾರ್ ಆತು. 70 ಡಿಗ್ರಿಗೆ 30 ನಿಮಿಷ ಗಾಜು ಮುಳುಗಿಸ್ರಿ. ನೀರು, ಆಮ್ಯಾಲೆ ಎಥನಾಲ್, ತೊಳದು ಮತ್ತ 500ಕ್ಕ 30 ನಿಮಿಷ. ಪೇಸ್ಟ್ ಬಳಿಯೂಕ್ಕಿಂತ ಮೊದಲ ಬರೀ ಗಾಜಿಗೊಮ್ಮೆ, ಸುಟ್ಟ ಮ್ಯಾಲೆ ಪದರಕ್ಕೊಮ್ಮೆ. ದ್ರಾವಣ ಹಾಲಿನಂಗ ಬೆಳ್ಳಗ ಆಗಿಬಿಟ್ಟಿದ್ರ ಅದು ಆಗಲೇ ಕೆಟ್ಟೈತಿ, ಚೆಲ್ರಿ. ಸ್ಟೀಲ್ ಚಿಮಟಾ ಮುಟ್ಟಿಸಬ್ಯಾಡ್ರಿ, ಪ್ಲಾಸ್ಟಿಕ್ ತುದಿದು ತಗೋರಿ.

8 ಮೈಕ್ರಾನ್ ಕಡಿಮಿ ಆತು. 12 ಮೈಕ್ರಾನ್ ಪಾರದರ್ಶಕ ಪದರ, ಅದರ ಮ್ಯಾಲೆ 400 ನ್ಯಾನೊಮೀಟರ್ ಕಣದ್ದು 4-5 ಮೈಕ್ರಾನ್ ಚದುರಿಕೆ ಪದರ. ದಾಟಿ ಹೋಗೋ ಕೆಂಪು ಬೆಳಕನ್ನ ಅದು ಹೊಳ್ಳಿ ಒಳಗ ದಬ್ಬತೈತಿ. ಮತ್ತ ಐಟಿಒ (ಇಂಡಿಯಂ ಲೇಪನದ) ಗಾಜು ತಂದಿಲ್ಲಲ್ಲ? 500ಕ್ಕ ಸುಟ್ಟ್ರ ಅದರ ರೋಧ ಏರಿ ಬಿಡತೈತಿ.

ತೆಳುಪದರ

ಎಫ್‌ಟಿಒ ಗಾಜೇ, ಚದರಕ್ಕೆ 15 ಓಮ್. ಪದರದ ಮೇಲೆ ನಿಜಕ್ಕೂ ಎಷ್ಟು ಡೈ ಹತ್ತಿದೆ ಎಂದು ತಿಳಿಯುವುದು ಹೇಗೆ? ಕಣ್ಣಿಗೆ ಚೆನ್ನಾಗಿ ಕೆಂಪಾಗಿಯೇ ಕಾಣುತ್ತದೆ.

ಲಿಗಾಂಡ್_ಲೆಕ್ಕ

ಕಣ್ಣನ್ನು ನಂಬಬೇಡಿ. ಬಿಡಿಸಿ ಅಳೆಯಿರಿ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್, ನೀರು ಮತ್ತು ಎಥನಾಲ್ ಸಮಪಾಲಿನಲ್ಲಿ. ಅಳತೆ ಗೊತ್ತಿರುವ ಒಂದು ಪದರವನ್ನು 5 ಮಿ.ಲೀ. ಈ ದ್ರಾವಣದಲ್ಲಿ ಇಟ್ಟು ಟೈಟಾನಿಯ ಮತ್ತೆ ಬೆಳ್ಳಗಾಗುವವರೆಗೆ ಬಿಡಿ. ಆಮೇಲೆ ಸ್ಪೆಕ್ಟ್ರೊಫೋಟೊಮೀಟರ್.

ಎಡವುವುದು ಇಲ್ಲಿ: ಎಥನಾಲಿನಲ್ಲಿ ಎನ್719ರ ಶಿಖರ 535 ನ್ಯಾನೊಮೀಟರ್ ಹತ್ತಿರ, ಹೀರುವ ಗುಣಾಂಕ ಸುಮಾರು 14,000ದಿಂದ 14,700. ಕ್ಷಾರದಲ್ಲಿ ಪ್ರೋಟಾನ್ ಕಳಚಿದಾಗ ಶಿಖರ 515ರ ಆಸುಪಾಸಿಗೆ, ನೀಲಿಯ ಕಡೆಗೆ ಸರಿಯುತ್ತದೆ. ಪುಸ್ತಕದ 535ರ ಅಂಕಿ ಹಾಕಿ ಲೆಕ್ಕ ಮಾಡಿದರೆ ಉತ್ತರ ತಪ್ಪು. ಅದೇ ಕ್ಷಾರದಲ್ಲಿ ಗೊತ್ತಿರುವ ಸಾಂದ್ರತೆಯ ನಾಲ್ಕೈದು ಮಾದರಿ ಮಾಡಿ ನಿಮ್ಮದೇ ಗೆರೆ ಎಳೆದುಕೊಳ್ಳಿ.

ಉದಾಹರಣೆಗೆ ನಿಮ್ಮ ಗೆರೆ 14,000 ಕೊಟ್ಟಿತು, ಮಾದರಿಯ ಹೀರಿಕೆ 0.08 ಬಂತು ಎಂದಿಟ್ಟುಕೊಳ್ಳಿ. ಭಾಗಿಸಿದರೆ ಲೀಟರಿಗೆ 5.7 ಮೈಕ್ರೊಮೋಲ್, 5 ಮಿ.ಲೀ.ಯಲ್ಲಿ 28.6 ನ್ಯಾನೊಮೋಲ್, 0.25 ಚದರ ಸೆಂ.ಮೀ.ಗೆ ಹಂಚಿದರೆ ಪ್ರತಿ ಚದರ ಸೆಂ.ಮೀ.ಗೆ 114 ನ್ಯಾನೊಮೋಲ್. 10-12 ಮೈಕ್ರಾನ್ ಪದರಕ್ಕೆ 100ರಿಂದ 130 ಬಂದರೆ ಡೈ ತುಂಬಿದೆ. 50-60 ಬಂದರೆ ನೀರು ಅಥವಾ ಹೊತ್ತು ಕೈಕೊಟ್ಟಿದೆ.

ಇನ್ನೂ ಒಂದು ಹೆಜ್ಜೆ ಮುಂದಿಡಿ. 120 ನ್ಯಾನೊಮೋಲ್ ಇರುವ ಪದರದ ಹೀರಿಕೆ 535ರಲ್ಲಿ ಸುಮಾರು 1.7. ಅಂದರೆ ಅಲ್ಲಿ ಬಿದ್ದ ಬೆಳಕಿನ ಶೇ. 98 ಆಗಲೇ ಹೀರಿಯಾಗಿದೆ. ಹಸಿರಿನಲ್ಲಿ ಗಳಿಸಲು ಇನ್ನೇನೂ ಉಳಿದಿಲ್ಲ. ಎನ್719 ಸೋಲುವುದು 650ರಿಂದ ಆಚೆಗೆ, ಕೆಂಪಿನಲ್ಲಿ. ಹೆಚ್ಚು ಹೀರುವ ಡೈ ಎಂಬ ಜಾಹೀರಾತು ತೆಳುಪದರದ ಕೋಶಕ್ಕೆ ಅರ್ಥಪೂರ್ಣ, ದಪ್ಪ ಪದರಕ್ಕೆ ಅಷ್ಟಿಲ್ಲ.

ಹೊಸಬ_ಎಂಎಸ್ಸಿ

ಹಾಗಿದ್ದರೆ ಕೆಂಪು ಹೀರುವ ಬ್ಲ್ಯಾಕ್ ಡೈ ಹಾಕಿದರೆ ಆಯಿತಲ್ಲ ಸಾರ್? ಮತ್ತೆ ಎನ್3, ಎನ್719 ಎರಡಕ್ಕೂ ಇರುವ ವ್ಯತ್ಯಾಸ ಬರೀ ಉಪ್ಪಿನದೇ?

ಲಿಗಾಂಡ್_ಲೆಕ್ಕ

ಬ್ಲ್ಯಾಕ್ ಡೈ, ಅಂದರೆ ಎನ್749, ಸುಮಾರು 900 ನ್ಯಾನೊಮೀಟರ್‌ವರೆಗೆ ಬಾಲ ಚಾಚುತ್ತದೆ. 2001ರಲ್ಲಿ ಶೇ. 10.4 ಕೊಟ್ಟದ್ದು ಇದೇ. ಟರ್‌ಪಿರಿಡಿನ್ ಲಿಗಾಂಡ್ (ಲೋಹಕ್ಕೆ ಕಟ್ಟಿಕೊಂಡ ಅಣು) ಒಂದು, ಐಸೊಥಯೊಸಯನೇಟ್ ಮೂರು. ಆದರೆ 600ರ ಬಳಿಯ ಅದರ ಶಿಖರದ ಗುಣಾಂಕ ಎನ್719ರ ಶಿಖರದ ಅರ್ಧದಷ್ಟೇ, ಹಾಗಾಗಿ ಪದರ ದಪ್ಪ ಬೇಕು. ಅಣುಗಳು ಒಂದಕ್ಕೊಂದು ಅಂಟುವ ಚಟವೂ ಇದೆ. 0.2 ಮಿಲಿಮೋಲಾರ್ ಡೈಗೆ 20 ಮಿಲಿಮೋಲಾರ್ ಕೀನೊಡಿಆಕ್ಸಿಕೋಲಿಕ್ ಆಮ್ಲ ಸೇರಿಸುವುದು ವಾಡಿಕೆ, 50 ಮಿ.ಲೀ.ಗೆ 0.39 ಗ್ರಾಂ. ಪಿತ್ತರಸದ ಈ ಆಮ್ಲ ಡೈ ಅಣುಗಳ ನಡುವೆ ನುಗ್ಗಿ ಕೂತು ಅವನ್ನು ದೂರ ಇಡುತ್ತದೆ. ಸಾಲದ್ದಕ್ಕೆ ಖಾಲಿ ಜಾಗ ಮುಚ್ಚಿ ಎಲೆಕ್ಟ್ರೊಲೈಟ್ ಟೈಟಾನಿಯವನ್ನು ನೇರ ಮುಟ್ಟದಂತೆ ತಡೆಯುತ್ತದೆ.

ಬರೀ ಉಪ್ಪು ಎನ್ನಬೇಡಿ. ಎನ್3ರಲ್ಲಿ ನಾಲ್ಕು ಪ್ರೋಟಾನ್, ಎನ್719ರಲ್ಲಿ ಎರಡು, ಉಳಿದೆರಡರ ಜಾಗದಲ್ಲಿ ಟೆಟ್ರಾಬ್ಯುಟೈಲ್ ಅಮೋನಿಯಂ. ಡೈ ಅಂಟುವಾಗ ತನ್ನ ಪ್ರೋಟಾನನ್ನು ಟೈಟಾನಿಯಕ್ಕೆ ದಾಟಿಸುತ್ತದೆ. ಪ್ರೋಟಾನ್ ಹೆಚ್ಚಾದಷ್ಟೂ ಟೈಟಾನಿಯದ ವಹನ ಪಟ್ಟಿ (ಡೈಯಿಂದ ಎಲೆಕ್ಟ್ರಾನ್ ಇಳಿಯುವ ಶಕ್ತಿಮಟ್ಟ) ಕೆಳಗಿಳಿಯುತ್ತದೆ. ಆಗ ಎಲೆಕ್ಟ್ರಾನ್ ಇಳಿಯುವುದು ಸಲೀಸು, ಕರೆಂಟ್ ಏರುತ್ತದೆ, ವೋಲ್ಟೇಜ್ ಬೀಳುತ್ತದೆ. ನಾಲ್ಕೂ ತೆಗೆದರೆ ಇದರ ತಿರುವುಮುರುವು. ಎರಡು ಪ್ರೋಟಾನಿನಲ್ಲಿ ಕರೆಂಟ್, ವೋಲ್ಟೇಜ್ ಎರಡರ ಗುಣಲಬ್ಧ ಅತಿ ಹೆಚ್ಚು ಬರುತ್ತದೆ, ಎನ್719 ಗೆದ್ದದ್ದು ಅಲ್ಲಿ.

ಗ್ರಾಮು_ರೂಪಾಯಿ

ರುಥೇನಿಯಂ ದುಬಾರಿ ಎನ್ನುವ ಮಾತಿಗೆ ಒಂದು ಲೆಕ್ಕ. ಪ್ರತಿ ಚದರ ಸೆಂ.ಮೀ.ಗೆ 120 ನ್ಯಾನೊಮೋಲ್ ಎಂದರೆ ಒಂದು ಚದರ ಮೀಟರ್‌ಗೆ 1.2 ಮಿಲಿಮೋಲ್. ಅಷ್ಟು ಎನ್719ರ ತೂಕ 1.43 ಗ್ರಾಂ. ಅದರೊಳಗಿನ ರುಥೇನಿಯಂ ತೂಕದ ಶೇ. 8.5, ಅಂದರೆ 0.12 ಗ್ರಾಂ. ಒಂದು ಬಾಗಿಲಿನ ಅರ್ಧದಷ್ಟು ಕೋಶಕ್ಕೆ ಬೇಕಾದ ಲೋಹ ಒಂದು ಚಿಟಿಕೆಯೂ ಅಲ್ಲ.

ಡೈ ಶೀಶೆಯ ಬೆಲೆಯಲ್ಲಿ ಲೋಹಕ್ಕಿಂತ ಶುದ್ಧೀಕರಣದ ಕೂಲಿ ದೊಡ್ಡದು. ರುಥೇನಿಯಂ ಬಗ್ಗೆ ನಿಜವಾದ ಚಿಂತೆ ಬೇರೆ. ಅದು ಪ್ಲಾಟಿನಂ ಗಣಿಯ ಉಪಉತ್ಪನ್ನ, ಹೆಚ್ಚಿನ ಪಾಲು ದಕ್ಷಿಣ ಆಫ್ರಿಕಾದಿಂದ. ಬೇಡಿಕೆ ಏರಿದರೂ ಅದೊಂದಕ್ಕಾಗಿ ಗಣಿ ತೋಡುವವರಿಲ್ಲ. ಪ್ರಯೋಗಶಾಲೆಯ ಇಪ್ಪತ್ತು ಕೋಶಕ್ಕೆ ಈ ಚಿಂತೆ ಸಂಬಂಧಪಡುವುದಿಲ್ಲ.

ಡಿ_ಕಕ್ಷೆ

ಲೆಕ್ಕ ಸರಿ. ಕಬ್ಬಿಣದ ವಿಷಯದಲ್ಲಿ ಬೆಲೆಯ ಮಾತು ಬರುವುದಕ್ಕೆ ಮೊದಲೇ ಭೌತಶಾಸ್ತ್ರ ಅಡ್ಡ ನಿಲ್ಲುತ್ತದೆ.

ಬೈಪಿರಿಡಿನ್ ಲಿಗಾಂಡ್ ಇರುವ ಎನ್719ರಂಥ ರುಥೇನಿಯಂ ಡೈ ಬೆಳಕು ಹೀರಿದಾಗ ಎಲೆಕ್ಟ್ರಾನ್ ಲೋಹದಿಂದ ಲಿಗಾಂಡಿಗೆ ಜಿಗಿಯುತ್ತದೆ. ಆ ಲಿಗಾಂಡೇ ಕಾರ್ಬಾಕ್ಸಿಲ್ ಮೂಲಕ ಟೈಟಾನಿಯವನ್ನು ಹಿಡಿದಿರುವುದರಿಂದ ಎಲೆಕ್ಟ್ರಾನ್ ಮುಂದೆ ದಾಟುತ್ತದೆ. ಈ ದಾಟುವಿಕೆ ಫೆಮ್ಟೊಸೆಕೆಂಡ್‌ನಿಂದ ಪಿಕೊಸೆಕೆಂಡ್‌ಗಳಲ್ಲಿ ಮುಗಿಯುತ್ತದೆ, ಉತ್ತೇಜಿತ ಸ್ಥಿತಿ ದ್ರಾವಣದಲ್ಲಿ ಹತ್ತಾರು ನ್ಯಾನೊಸೆಕೆಂಡ್ ಬದುಕುತ್ತದೆ. ಸಮಯ ಧಾರಾಳ.

ಕಬ್ಬಿಣ ಆವರ್ತಕ ಕೋಷ್ಟಕದ ಅದೇ ಕಂಬಸಾಲಿನಲ್ಲಿ ರುಥೇನಿಯಂನ ಮೇಲೆಯೇ ಕೂತಿದೆ, ಆದರೆ ಅದರ ಡಿ ಕಕ್ಷೆಗಳ ಸೀಳು (ಶಕ್ತಿಯ ಅಂತರ) ಚಿಕ್ಕದು. ಲೋಹದೊಳಗಿನ ಡಿ-ಡಿ ಸ್ಥಿತಿಗಳು ಕೆಳಗಿರುತ್ತವೆ. ಲಿಗಾಂಡಿಗೆ ಹೋದ ಎಲೆಕ್ಟ್ರಾನ್ ಸುಮಾರು 100 ಫೆಮ್ಟೊಸೆಕೆಂಡ್‌ನಲ್ಲಿ ಆ ಗುಂಡಿಗೆ ಉರುಳಿ ಶಾಖವಾಗಿ ಹೋಗುತ್ತದೆ. ಕಬ್ಬಿಣದ ಬೈಪಿರಿಡಿನ್ ಸಯನೈಡ್ ಡೈ ಟೈಟಾನಿಯಕ್ಕೆ ಎಲೆಕ್ಟ್ರಾನ್ ಕೊಡಬಲ್ಲದೆಂದು ಅಮೆರಿಕದ ಫೆರೇರೆ ಮತ್ತು ಗ್ರೆಗ್ 1998ರಲ್ಲೇ ತೋರಿಸಿದರು, ಕೊಟ್ಟದ್ದು ಅಲ್ಪ.

ದಾರಿ ತೆರೆದದ್ದು ಕಾರ್ಬೀನ್ ಲಿಗಾಂಡ್. ಇಂಗಾಲದ ಮೂಲಕ ಬಿಗಿಯಾಗಿ ಕಟ್ಟುವ ಈ ಲಿಗಾಂಡ್ ಡಿ-ಡಿ ಸ್ಥಿತಿಯನ್ನು ಮೇಲಕ್ಕೆ ತಳ್ಳುತ್ತದೆ, ಆಯಸ್ಸು ಹತ್ತಾರು ಪಿಕೊಸೆಕೆಂಡ್‌ಗೆ ಏರುತ್ತದೆ. ಸ್ವೀಡನ್ನಿನ ಲುಂಡ್ ಗುಂಪು 2015ರಲ್ಲಿ ಇಂಥ ಡೈಯಿಂದ ಟೈಟಾನಿಯಕ್ಕೆ ಶೇ. 92 ಎಲೆಕ್ಟ್ರಾನ್ ದಾಟುವುದನ್ನು ಅಳೆಯಿತು. ಈ 92 ನೋಡಿ ಮೋಸಹೋಗಬೇಡಿ, ಅದು ದಾಟಿದ ಪಾಲು ಮಾತ್ರ. ದಾಟಿದ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಬೇಗ ಹಿಂದಿರುಗುತ್ತವೆ, ಹೀರಿಕೆಯೂ ಕಿರಿದು. ಆಮೇಲಿನ ವರ್ಷಗಳಲ್ಲೂ ಪೂರ್ತಿ ಕೋಶದ ದಕ್ಷತೆ ಶೇ. 1-2ರ ಸುತ್ತಲೇ ಸುತ್ತಿದೆ. ಸಂಶೋಧನೆಗೆ ಸೊಗಸಾದ ವಿಷಯ, ನಿಮ್ಮ 3.8 ಏರಿಸುವ ಮದ್ದಲ್ಲ.

ತಾಮ್ರಪಾತ್ರೆ

ತಾಮ್ರ ಇದಕ್ಕಿಂತ ಹತ್ತಿರದ ದಾರಿ. ತಾಮ್ರ(1)ರಲ್ಲಿ, ಅಂದರೆ ಒಂದು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರದಲ್ಲಿ, ಡಿ ಕಕ್ಷೆ ತುಂಬಿರುವುದರಿಂದ ಡಿ-ಡಿ ಗುಂಡಿಯೇ ಇಲ್ಲ. ತೊಂದರೆ ಬೇರೆ: ಬೆಳಕು ಬಿದ್ದಾಗ ತಾಮ್ರ(2)ರಂತೆ ವರ್ತಿಸಿ, ಚತುರ್ಮುಖಿ ಅಣು ಚಪ್ಪಟೆಯಾಗಲು ಹೊರಡುತ್ತದೆ. ಚಪ್ಪಟೆಯಾದರೆ ಶಕ್ತಿ ಸೋರುತ್ತದೆ, ದ್ರಾವಕವೂ ಲೋಹಕ್ಕೆ ಬಂದು ಅಂಟುತ್ತದೆ. ಹಾಗಾಗಿ ಬೈಪಿರಿಡಿನ್‌ನ 6,6' ಜಾಗದಲ್ಲಿ, ಫಿನಾಂಥ್ರೊಲಿನ್ ಆದರೆ 2,9ರಲ್ಲಿ, ಮೀಥೈಲ್ ಅಥವಾ ಅದಕ್ಕಿಂತ ದಪ್ಪ ಗುಂಪು ಇರಲೇಬೇಕು. ಬೋಳು ಬೈಪಿರಿಡಿನ್ ತಂದು ಪ್ರಯತ್ನಿಸಿ ಬಣ್ಣ ಮಾಯವಾಯಿತು ಎನ್ನುವವರು ಮರೆತಿರುವುದು ಇದನ್ನೇ.

ಇನ್ನೊಂದು ಗುಣ, ತಾಮ್ರ ಲಿಗಾಂಡುಗಳನ್ನು ಸಲೀಸಾಗಿ ಅದಲುಬದಲು ಮಾಡುತ್ತದೆ. ಬೇರೆ ಬೇರೆ ಎರಡು ಲಿಗಾಂಡಿನ ಅಣುವನ್ನು ಶೀಶೆಯಲ್ಲಿ ಶುದ್ಧವಾಗಿ ಇಡುವುದು ಅದೇ ಕಾರಣಕ್ಕೆ ಕಷ್ಟ. ಬಾಸೆಲ್‌ನ ಕಾನ್‌ಸ್ಟೇಬಲ್, ಹೌಸ್‌ಕ್ರಾಫ್ಟ್ ಗುಂಪು ಇದನ್ನೇ ಅನುಕೂಲವಾಗಿ ತಿರುಗಿಸಿತು. ಮೊದಲು ಅಂಟುವ ಲಿಗಾಂಡಿನಲ್ಲಿ ಟೈಟಾನಿಯ ಅದ್ದಿ, ತೊಳೆದು, ಆಮೇಲೆ ಇನ್ನೊಂದು ಲಿಗಾಂಡಿನ ತಾಮ್ರ ಸಂಕೀರ್ಣದಲ್ಲಿ ಅದ್ದುವುದು. ಡೈ ಮೇಲ್ಮೈಯಲ್ಲೇ ಕಟ್ಟಿಕೊಳ್ಳುತ್ತದೆ. ಪೂರ್ತಿ ಕೋಶಕ್ಕೆ ಶೇ. 4-5 ಒಳ್ಳೆಯ ಫಲಿತಾಂಶ ಎನ್ನಬೇಕು. ಹೀರಿಕೆ 600 ದಾಟುವಷ್ಟರಲ್ಲಿ ಸೊರಗುತ್ತದೆ.

ಸೊರೆ_ಪಟ್ಟಿ

ರುಥೇನಿಯಂ ಕಥೆ ಮುಗಿದ ಅಧ್ಯಾಯ. ಅದರ ದಾಖಲೆ ಮುರಿದದ್ದು ಸತುವಿನ ಪಾರ್ಫಿರಿನ್‌ನಲ್ಲಿ: 2011ರಲ್ಲಿ ವೈಡಿ2-ಒ-ಸಿ8, ಜೊತೆಗೆ ವೈ123 ಎಂಬ ಲೋಹರಹಿತ ಡೈ, ಶೇ. 12.3. 2014ರಲ್ಲಿ ಎಸ್‌ಎಂ315 ಒಂಟಿಯಾಗಿಯೇ ಶೇ. 13. ಮೂಲ ಪ್ರಶ್ನೆ ಕೇಳಿದವರು ನೇರ ಅಲ್ಲಿಗೇ ಹೋಗಬೇಕು.

ಲಿಗಾಂಡ್_ಲೆಕ್ಕ

ಹೋಗಲಿ, ಆದರೆ ಆ ಎರಡೂ ದಾಖಲೆ ಕೋಬಾಲ್ಟ್ ಎಲೆಕ್ಟ್ರೊಲೈಟಿನವು ಎಂಬ ಅರ್ಧ ವಾಕ್ಯ ನಿಮ್ಮ ಬರಹದಲ್ಲಿ ಬಿಟ್ಟುಹೋಗಿದೆ. ಅಯೋಡೈಡ್ ಜೋಡಿಯ ವಿಭವ ಸುಮಾರು +0.35 ವೋಲ್ಟ್, ರುಥೇನಿಯಂ ಡೈಗಳದು +1.1 ಹತ್ತಿರ. ಡೈಗೆ ಎಲೆಕ್ಟ್ರಾನ್ ಮರಳಿಸಲು 0.7 ವೋಲ್ಟಿನಷ್ಟು ಸುಂಕ ಕಟ್ಟುತ್ತೇವೆ. ಕೋಬಾಲ್ಟ್ ಬೈಪಿರಿಡಿನ್ +0.56ರಲ್ಲಿ ಕೂತು ಸುಂಕ ತಗ್ಗಿಸುತ್ತದೆ, ವೋಲ್ಟೇಜ್ ಏರುವುದು ಅದರಿಂದ. ನಿಮ್ಮ ಪಾರ್ಫಿರಿನ್‌ನ ಆ ಉದ್ದ ಆಕ್ಟೈಲಾಕ್ಸಿ ಬಾಲಗಳು ಕೋಬಾಲ್ಟನ್ನು ಟೈಟಾನಿಯದಿಂದ ದೂರ ನಿಲ್ಲಿಸುವ ಬೇಲಿ. ಎನ್719ಕ್ಕೆ ಆ ಬೇಲಿ ಇಲ್ಲ. ಅದಕ್ಕೆ ಕೋಬಾಲ್ಟ್ ಹಾಕಿದರೆ ಎಲೆಕ್ಟ್ರಾನುಗಳು ದ್ರಾವಣಕ್ಕೇ ಸೋರಿ ಕೋಶ ಮಲಗುತ್ತದೆ.

ಸೊರೆ_ಪಟ್ಟಿ

ಒಪ್ಪಿದೆ, ಬಿಡಬಾರದಿತ್ತು. ಹಾಗಿದ್ದರೆ ಪಾರ್ಫಿರಿನ್ ಹಾಕುವವರಿಗೆ ಇನ್ನೂ ಮೂರು ಎಚ್ಚರಿಕೆ ನಾನೇ ಸೇರಿಸುತ್ತೇನೆ. ಪಾರ್ಫಿರಿನ್ 400-450ರಲ್ಲಿ ಸೊರೆ ಪಟ್ಟಿ, 550ರಿಂದ ಮೇಲೆ ಕ್ಯೂ ಪಟ್ಟಿ ಎಂದು ಎರಡು ಗುಡ್ಡದಂತೆ ಹೀರುತ್ತದೆ, ನಡುವೆ 500ರ ಹತ್ತಿರ ಕಣಿವೆ. ವೈ123 ಹಾಕಿದ್ದು ಆ ಕಣಿವೆ ತುಂಬಲು. ಎರಡನೆಯದು, ಕೋಬಾಲ್ಟ್ ಅಯಾನು ದಪ್ಪ, ರಂಧ್ರಗಳಲ್ಲಿ ನಿಧಾನ ಚಲಿಸುತ್ತದೆ. 12 ಮೈಕ್ರಾನಿನ ಪದರವನ್ನೇ ಉಳಿಸಿಕೊಂಡರೆ ಬಿಸಿಲು ಹೆಚ್ಚಿದಾಗ ಕರೆಂಟ್ ಮಟ್ಟಸವಾಗಿ ನಿಲ್ಲುತ್ತದೆ. ರಂಧ್ರ ದೊಡ್ಡದು, ಪದರ ತೆಳುವು ಇರಬೇಕು. ಮೂರನೆಯದು, ಪಾರ್ಫಿರಿನ್ ಚಪ್ಪಟೆ ಅಣುಗಳಾದ್ದರಿಂದ ಇಸ್ಪೀಟ್ ಎಲೆಗಳ ಹಾಗೆ ಒಂದರ ಮೇಲೊಂದು ಪೇರುತ್ತವೆ, ಪಿತ್ತಾಮ್ಲ ಇಲ್ಲದೆ ಅದ್ದಲೇಬಾರದು. ಸತುವಿನ ಥಾಲೊಸಯನಿನ್‌ಗೂ ಇದೇ ರೋಗ, 680-700ರಲ್ಲಿ ಸೊಗಸಾಗಿ ಹೀರಿ ಕರೆಂಟ್ ಕೊಡದೆ ಸತಾಯಿಸುತ್ತದೆ. ಹೈದರಾಬಾದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಐಐಸಿಟಿಯಲ್ಲಿ ಪಾರ್ಫಿರಿನ್, ಥಾಲೊಸಯನಿನ್ ಎರಡರ ಮೇಲೂ ಬಹಳ ಕೆಲಸ ಆಗಿದೆ, ಅವರ ಪ್ರಕಟಣೆ ನೋಡಿ.

ಹೊಸಬ_ಎಂಎಸ್ಸಿ

ಎನ್719 ಕೊಳ್ಳುವ ಬದಲು ಲ್ಯಾಬ್‌ನಲ್ಲೇ ಮಾಡಿಕೊಳ್ಳಬಹುದೇ?

ಗ್ರಾಮು_ರೂಪಾಯಿ

ಮಾಡಬಹುದು. ಮಾಡುವುದಕ್ಕಿಂತ ತೊಳೆಯುವುದು ಕಷ್ಟ. ರುಥೇನಿಯಂ ಪ್ಯಾರಾ-ಸೈಮೀನ್ ಡೈಮರ್ ತೆಗೆದುಕೊಂಡು, ಡೈಮರಿನ ಒಂದು ಮೋಲಿಗೆ ಡೈಕಾರ್ಬಾಕ್ಸಿ ಬೈಪಿರಿಡಿನ್ 4 ಮೋಲ್, ದ್ರಾವಕ ಡಿಎಂಎಫ್‌ನಲ್ಲಿ, ಆರ್ಗಾನ್ ಅಡಿಯಲ್ಲಿ, ಬೆಳಕು ತಾಗದಂತೆ 150 ಡಿಗ್ರಿ ಆಸುಪಾಸಿನಲ್ಲಿ ನಾಲ್ಕು ಗಂಟೆ. ಆಮೇಲೆ ಅಮೋನಿಯಂ ಥಯೊಸಯನೇಟ್ ಧಾರಾಳವಾಗಿ ಹಾಕಿ ಮತ್ತೆ ನಾಲ್ಕೈದು ಗಂಟೆ. ಬೆಳಕು ತಾಗಿದರೆ ಬೈಪಿರಿಡಿನ್ ಸಿಸ್ ಬದಲು ಟ್ರಾನ್ಸ್ ಆಗಿ ಕೂರುತ್ತದೆ.

ಥಯೊಸಯನೇಟ್ ಎರಡು ತುದಿಯಿಂದಲೂ ಕಚ್ಚಬಲ್ಲದು. ಬೇಕಾದದ್ದು ನೈಟ್ರೊಜನ್ ತುದಿ. ಗಂಧಕದ ತುದಿಯಿಂದ ಕಚ್ಚಿದ ಐಸೋಮರ್ ಸ್ವಲ್ಪವೇ ಉಳಿದರೂ ಕರೆಂಟ್, ವೋಲ್ಟೇಜ್ ಎರಡೂ ಇಳಿಯುತ್ತವೆ. ಕಣ್ಣಿಗೆ ಬಣ್ಣದಲ್ಲಿ ಗೊತ್ತಾಗದು. ಪ್ರೋಟಾನ್ ಎನ್‌ಎಂಆರ್‌ನಲ್ಲಿ 9ರಿಂದ 10 ಪಿಪಿಎಂ ನಡುವೆ ಮುಖ್ಯ ಜೋಡಿಗೆರೆಯ ಪಕ್ಕ ಪುಟ್ಟ ಗೆರೆ ಕಂಡರೆ ಅದೇ. ಐಆರ್‌ನಲ್ಲಿ 2100ರ ಗೆರೆ ಇದ್ದ ಮಾತ್ರಕ್ಕೆ ಶುದ್ಧ ಎಂದುಕೊಳ್ಳಬೇಡಿ, ಅದು ಥಯೊಸಯನೇಟ್ ಇದೆ ಎಂದಷ್ಟೇ ಹೇಳುತ್ತದೆ.

ತೊಳೆಯುವುದು, ಅಣುಗಳನ್ನು ಬೇರ್ಪಡಿಸುವ ಸೆಫಡೆಕ್ಸ್ ಎಲ್‌ಎಚ್-20 ಕಂಬದಲ್ಲಿ. ಟೆಟ್ರಾಬ್ಯುಟೈಲ್ ಅಮೋನಿಯಂ ಹೈಡ್ರಾಕ್ಸೈಡ್ ಸೇರಿಸಿ ನೀರಲ್ಲಿ ಕರಗಿಸಿ ಇಳಿಸಿ, ಮುಖ್ಯ ಕೆಂಪು ಪಟ್ಟಿಯ ನಡುಭಾಗ ಮಾತ್ರ ಹಿಡಿದು, 0.02 ಮೋಲಾರ್ ನೈಟ್ರಿಕ್ ಆಮ್ಲದಿಂದ ಪಿಎಚ್ 4.3ಕ್ಕೆ ನಿಧಾನ ತಂದರೆ ಎನ್719 ಗಸಿಯಾಗಿ ಇಳಿಯುತ್ತದೆ. ಇದು ಮೂರು ಸಲ. ಕೈತಪ್ಪಿ ಪಿಎಚ್ 2ರ ಹತ್ತಿರ ಹೋದರೆ ಕೈಗೆ ಬರುವುದು ಎನ್3ರ ಕಡೆಗೆ ವಾಲಿದ ಮಿಶ್ರಣ, ಪ್ರೋಟಾನ್ ಲೆಕ್ಕ ಕೆಟ್ಟಿತು. ಇಪ್ಪತ್ತು ಕೋಶಕ್ಕೆ ಇಷ್ಟು ಪಾಡು ಬೇಡ, ಕೊಂಡುಬಿಡಿ.

ಬಿಸಿಲುಸೀಮೆ

ಯಾರೂ ಶಾಖದ ಮಾತು ಎತ್ತಲಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಚಾವಣಿಯ ಮೇಲಿನ ಗಾಜು 70 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಅಸಿಟೊನೈಟ್ರೈಲ್ ಎಲೆಕ್ಟ್ರೊಲೈಟ್ ಅಲ್ಲಿ ಸೀಲನ್ನು ಒಳಗಿನಿಂದ ತಳ್ಳುತ್ತದೆ. ಅದಕ್ಕಿಂತ ಒಳಗಿನ ಪೆಟ್ಟು: ವೋಲ್ಟೇಜ್ ಏರಿಸಲು ಹಾಕುವ ಟರ್ಶಿಯರಿ ಬ್ಯುಟೈಲ್ ಪಿರಿಡಿನ್, 80 ಡಿಗ್ರಿ ದಾಟಿದಾಗ ಎನ್719ರ ಥಯೊಸಯನೇಟನ್ನು ಒದ್ದು ತಾನೇ ರುಥೇನಿಯಂಗೆ ಅಂಟುತ್ತದೆ. ಡೈ ನೀಲಿಯ ಕಡೆ ಸರಿಯುತ್ತದೆ, ಪದರ ಕಿತ್ತಳೆ ಛಾಯೆಗೆ ತಿರುಗುತ್ತದೆ, ಕರೆಂಟ್ ತಿಂಗಳುಗಳಲ್ಲಿ ಸೊರಗುತ್ತದೆ.

ಝಡ್907ರ ಬೆಲೆ ಗೊತ್ತಾಗುವುದು ಇಲ್ಲಿ. ಒಂದು ಬೈಪಿರಿಡಿನ್‌ಗೆ ಕಾರ್ಬಾಕ್ಸಿಲ್ ಬದಲು ಒಂಬತ್ತು ಇಂಗಾಲದ ಎರಡು ಬಾಲ. ನೀರನ್ನು ಕೆಸುವಿನ ಎಲೆಯಂತೆ ದೂಡುತ್ತದೆ, ಹಾಗಾಗಿ ಪದರದಿಂದ ಕಳಚುವುದಿಲ್ಲ. 2003ರಲ್ಲಿ ಜೆಲ್ ಎಲೆಕ್ಟ್ರೊಲೈಟ್ ಜೊತೆ 80 ಡಿಗ್ರಿಯಲ್ಲಿ 1000 ಗಂಟೆ ತಾಳಿತು, ದಕ್ಷತೆ ಶೇ. 6ರ ಮೇಲೆ. ದ್ರಾವಕ 3-ಮಿಥಾಕ್ಸಿಪ್ರೊಪಿಯೊನೈಟ್ರೈಲ್, ಕುದಿಬಿಂದು 160ರ ಮೇಲೆ. ಪಿರಿಡಿನ್ ಬದಲು ಎನ್-ಮೀಥೈಲ್ ಬೆಂಜಿಮಿಡಜೋಲ್. ಮೊದಲ ದಿನದ ಅಂಕಿ ಎನ್719ಕ್ಕಿಂತ ಕಡಿಮೆ ಬಂದೀತು. ಆರು ತಿಂಗಳ ಮೇಲಿನ ಅಂಕಿ ನೋಡುವವರಿಗೆ ಇದೇ ಸರಿ.

ಕುಲುಮೆ

ಎಲೆಕ್ಟ್ರೊಲೈಟ್ ಅಳತಿ ಯಾರೂ ಬರದಿಲ್ಲ, ತಗೋರಿ. 10 ಮಿ.ಲೀ.ಗೆ: ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಅಯೋಡೈಡ್ 1.6 ಗ್ರಾಂ, ಅಯೋಡಿನ್ 76 ಮಿ.ಗ್ರಾಂ., ಗ್ವಾನಿಡೀನಿಯಂ ಥಯೊಸಯನೇಟ್ 118 ಮಿ.ಗ್ರಾಂ., ಟರ್ಶಿಯರಿ ಬ್ಯುಟೈಲ್ ಪಿರಿಡಿನ್ 0.74 ಮಿ.ಲೀ. ಉಳಿದದ್ದು ಅಸಿಟೊನೈಟ್ರೈಲ್ 85 ಪಾಲು, ವ್ಯಾಲೆರೊನೈಟ್ರೈಲ್ 15 ಪಾಲು. ಅಯೋಡಿನ್ ಜಾಸ್ತಿ ಹಾಕಬ್ಯಾಡ್ರಿ, ಟ್ರೈಅಯೋಡೈಡ್ ನೀಲಿ ಬೆಳಕು ತಾನ ನುಂಗತೈತಿ.

ಪ್ಲಾಟಿನಂಗ ಹೆಕ್ಸಾಕ್ಲೋರೊಪ್ಲಾಟಿನಿಕ್ ಆಮ್ಲ 26 ಮಿ.ಗ್ರಾಂ., 10 ಮಿ.ಲೀ. ಐಸೊಪ್ರೊಪನಾಲ್, ಚದರ ಸೆಂ.ಮೀ.ಗೆ 10 ಮೈಕ್ರೊಲೀಟರ್ ಹನಿ, 400ಕ್ಕ 15 ನಿಮಿಷ. ಕೈಗೆ ಹತ್ತಿಸ್ಕೋಬ್ಯಾಡ್ರಿ, ಒಮ್ಮೆ ಒಗ್ಗದಿಕಿ ಸುರು ಆದ್ರ ಬಿಡಂಗಿಲ್ಲ. ಸರ್ಲಿನ್ (ಸೀಲ್ ಮಾಡೋ ಪ್ಲಾಸ್ಟಿಕ್ ಹಾಳಿ) 25 ಮೈಕ್ರಾನ್, 110-120 ಡಿಗ್ರಿಗೆ ಒತ್ತರಿ. ಡೈ ಹಾಕಿದ ಗಾಜು ಬಿಸಿ ತಟ್ಟಿ ಮ್ಯಾಲೆ ಐದು ನಿಮಿಷ ಮರತು ಬಿಟ್ರ ಡೈ ಸುಟ್ಟ ಹೋಗತೈತಿ. ಬೆಳ್ಳಿ ಪೇಂಟು ಸೀಲಿನ ಹೊರಗ ಇರಲಿ, ಅಯೋಡೈಡ್ ಅದನ್ನ ತಿಂತೈತಿ.

ಅಂಕಿ ಓದೂದು ಹಿಂಗ: ಕರೆಂಟ್ ಚಲೋ ಇದ್ದು ವೋಲ್ಟೇಜ್ 0.6ರ ಕೆಳಗ ಇದ್ರ ಪಿರಿಡಿನ್ ಮರತೀರಿ. ಪೂರಾ ಬೆಳಕಿನಾಗ ಫಿಲ್ ಫ್ಯಾಕ್ಟರ್ 0.5, ಹತ್ತರಲ್ಲಿ ಒಂದು ಪಾಲು ಬೆಳಕಿನಾಗ 0.7 ಬಂದ್ರ ಗಾಜಿನ ರೋಧ ಇಲ್ಲಾ ಸಂಪರ್ಕದ ರೋಧ. ಕತ್ತಲಾಗೂ ಕರೆಂಟ್ ಹರದ್ರ ಎರಡೂ ಗಾಜು ಒಳಗ ಮುಟ್ಟ್ಯಾವು. ಮತ್ತ ಕಪ್ಪು ಮುಸುಕು ಹಾಕದ ಅಳದ್ರ ಅಂಚಿನ ಬೆಳಕು ಒಳಗ ನುಗ್ಗಿ ದಕ್ಷತೆ ಸುಳ್ಳ ಏರತೈತಿ. ನಿಮ್ಮ 3.8 ಮುಸುಕು ಹಾಕಿ ಬಂದದ್ದೋ, ಹಾಕದೋ?

ತೆಳುಪದರ

ಮುಸುಕಿಲ್ಲದೆ. ಅಂದರೆ ಅದೂ ಇನ್ನಷ್ಟು ಇಳಿಯುತ್ತದೆ ಎಂದಾಯಿತು! ಸರಿ, ಡೈ ಎನ್719ನ್ನೇ ಇಟ್ಟುಕೊಂಡು ಪದರ, ಬಿಸಿ ಅದ್ದುವಿಕೆ, ದ್ರಾವಕ ಬದಲಿಸುತ್ತೇನೆ. ಒಂದು ಕೊನೆಯ ಸಂಶಯ: ಮನೆಯೊಳಗಿನ ಬೆಳಕಿಗೆ ಕೋಶ ಮಾಡುವುದಿದ್ದರೆ ಇದೇ ಡೈ ಸಾಕೇ? ಮತ್ತು ಅದ್ದಿದ ಡೈ ದ್ರಾವಣವನ್ನು ಎಷ್ಟು ಸಲ ಬಳಸಬಹುದು?

ತಾಮ್ರಪಾತ್ರೆ

ಎಲ್‌ಇಡಿ ದೀಪದಲ್ಲಿ 700ರ ಆಚೆ ಬೆಳಕು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕೆಂಪು ಹೀರದ ಕೊರತೆ ಅಲ್ಲಿ ಲೆಕ್ಕಕ್ಕಿಲ್ಲ. ವೋಲ್ಟೇಜೇ ಮುಖ್ಯ. 2017ರಲ್ಲಿ 1000 ಲಕ್ಸ್‌ನಲ್ಲಿ ಶೇ. 28.9 ಕೊಟ್ಟ ಕೋಶದಲ್ಲಿ ಎರಡು ಡೈಗಳೂ ಲೋಹರಹಿತ, ಲೋಹ ಇದ್ದದ್ದು ಎಲೆಕ್ಟ್ರೊಲೈಟಿನಲ್ಲಿ, ತಾಮ್ರದ ರೂಪದಲ್ಲಿ. ಡೈಯಾಗಿ ಒದ್ದಾಡುವ ತಾಮ್ರ ಅಲ್ಲಿ ಮಾತ್ರ ರಾಜ. ತಿರುವನಂತಪುರದ ಸಂಶೋಧನಾ ಸಂಸ್ಥೆ ಎನ್‌ಐಐಎಸ್‌ಟಿಯವರೂ ಒಳಾಂಗಣ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಎನ್719 ಮತ್ತು ಅಯೋಡೈಡನ್ನೇ ಬಳಸುವುದಾದರೆ ಅಯೋಡಿನ್ ತಗ್ಗಿಸಿ. ಮಂದ ಬೆಳಕಿನಲ್ಲಿ ಕರೆಂಟ್ ಕಡಿಮೆ, ಅಷ್ಟು ಟ್ರೈಅಯೋಡೈಡ್ ಬೇಕಿಲ್ಲ.

ಲಿಗಾಂಡ್_ಲೆಕ್ಕ

ಡೈ ದ್ರಾವಣದ ಬಗ್ಗೆ. 20 ಕೋಶ, ತಲಾ 0.25 ಚದರ ಸೆಂ.ಮೀ., 120 ನ್ಯಾನೊಮೋಲ್ ಲೆಕ್ಕದಲ್ಲಿ ಒಟ್ಟು ಹತ್ತುವುದು 0.6 ಮೈಕ್ರೊಮೋಲ್. 50 ಮಿ.ಲೀ.ಯಲ್ಲಿ ಇರುವುದು 15. ಅಂದರೆ ಒಂದು ಸುತ್ತಿಗೆ ಶೇ. 4 ಮಾತ್ರ ಖರ್ಚು. ಡೈ ಮುಗಿಯುವುದಕ್ಕಿಂತ ಬಹಳ ಮೊದಲೇ ನೀರು ಸೇರಿ ದ್ರಾವಣ ಕೆಡುತ್ತದೆ. ಪ್ರತಿ ಸುತ್ತಿನ ಮೊದಲು ಒಂದಿಷ್ಟು ತೆಗೆದು ಹತ್ತು ಪಟ್ಟು ತೆಳುಮಾಡಿ ಹೀರಿಕೆ ನೋಡಿ. ಶಿಖರ ನಿಂತಲ್ಲೇ ಇದ್ದು ಎತ್ತರ ಮಾತ್ರ ಇಳಿದಿದ್ದರೆ ಇನ್ನಷ್ಟು ಡೈ ಸೇರಿಸಿ. ಶಿಖರವೇ ನೀಲಿಯ ಕಡೆ ಸರಿದಿದ್ದರೆ ಥಯೊಸಯನೇಟ್ ಕಳಚುತ್ತಿದೆ ಅಥವಾ ಕ್ಷಾರ ಸೇರಿದೆ, ಆ ದ್ರಾವಣ ಬಿಡಿ. ತಳದಲ್ಲಿ ಕಪ್ಪು ಗಸಿ ಕಂಡರೆ 0.2 ಮೈಕ್ರಾನ್ ಪಿಟಿಎಫ್‌ಇ ಶೋಧಕದಲ್ಲಿ ಸೋಸಿ. ಕಂದು ಬಾಟಲಿ, ಪ್ಯಾರಾಫಿಲ್ಮ್, ಫ್ರಿಜ್. ಫ್ರಿಜ್‌ನಿಂದ ತೆಗೆದ ಮೇಲೆ ಕೋಣೆಯ ತಾಪಕ್ಕೆ ಬರುವ ತನಕ ಮುಚ್ಚಳ ತೆರೆಯಬೇಡಿ, ತಣ್ಣನೆ ಬಾಟಲಿಯೊಳಗೆ ಗಾಳಿಯ ನೀರು ಇಳಿಯುತ್ತದೆ. ಸತುವಿನ ಆಕ್ಸೈಡ್ ಪದರವನ್ನು ಮಾತ್ರ ಈ ಬಾಟಲಿಗೆ ಅದ್ದಲೇಬೇಡಿ. ಆಮ್ಲೀಯ ಡೈ ಅದನ್ನು ಕರಗಿಸುತ್ತದೆ, ಸತುವಿನ ಅಯಾನು ಡೈ ಜೊತೆ ಸೇರಿ ಉಂಡೆ ಕಟ್ಟುತ್ತದೆ, ಮುಂದಿನ ಟೈಟಾನಿಯ ಕೋಶಗಳಿಗೂ ಅದೇ ಅಂಟುತ್ತದೆ. ಕೆಟ್ಟ ದ್ರಾವಣ ಸಿಂಕಿಗೆ ಬೇಡ, ರುಥೇನಿಯಂ ಎಂದು ಚೀಟಿ ಅಂಟಿಸಿದ ಬೇರೆ ಡಬ್ಬಿಗೆ.